ಅಡ್ಡಗೋಡೆ ಸಾಹೇಬರ ರಜೆ

ಬಸ್ ಕಂಪನಿಯ ಟಿಕೆಟ್ ಕಚೇರಿಯಲ್ಲಿ ಎಲ್ಲರೂ ಅವರನ್ನು ಎದುರಿಗೆ ‘ಫೈರ್‌ವಾಲ್ ಸಾಹೇಬರು’ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಅಡ್ಡಗೋಡೆ’. ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಹೆಣೆದ ಜಾಲ ಅವರ ಸುಪರ್ದಿನಲ್ಲಿತ್ತು. ಹೊರಗಿನ ಕಳ್ಳಕಾಕರು ಆ ಜಾಲದೊಳಗೆ ನುಸುಳದಂತೆ ತಡೆಯುವುದು ಫೈರ್‌ವಾಲಿನ ಕೆಲಸ. ಸಾಹೇಬರು ಆ ಕೆಲಸವನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರೆಂದರೆ, ಒಳಗಿನವರನ್ನೂ ಒಳಗೆ ಬಿಡುತ್ತಿರಲಿಲ್ಲ.

ಪಾಸ್‌ವರ್ಡಿನ ವಿಷಯವಂತೂ ಕೇಳಲೇಬೇಡಿ. ದೊಡ್ಡಕ್ಷರ ಇರಬೇಕು, ಅಂಕಿ ಇರಬೇಕು, ಚಿಹ್ನೆ ಇರಬೇಕು, ಮಕ್ಕಳ ಹೆಸರು ಕೂಡದು, ತಿಂಗಳಿಗೊಮ್ಮೆ ಬದಲಾಗಲೇಬೇಕು. ಕೌಂಟರಿನಲ್ಲಿ ಟಿಕೆಟ್ ಕೊಡುವ ಅಕ್ಕ ತನ್ನದನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನಡಿ ಇಟ್ಟಿದ್ದಳು. ಸಾಹೇಬರು ಅದನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ ಇಡೀ ಕಚೇರಿಗೆ ತೋರಿಸಿದರು.

“ಮನೆಗೆ ಬೀಗ ಹಾಕಿ, ಕೀಲಿಕೈ ಹೊಸಿಲ ಮೇಲಿಟ್ಟು ಹೋದ ಹಾಗಾಯ್ತಲ್ಲಮ್ಮ ಇದು!”

“ಏನ್ ಮಾಡ್ಲಿ ಸರ್, ನನ್ನ ಗಂಡನ ಫೋನ್ ನಂಬರೇ ನನಗೆ ನೆನಪಿರಲ್ಲ,” ಎಂದಳು ಅಕ್ಕ.

ಮನೆಯಲ್ಲೂ ಅದೇ ಗತ್ತು. ವೈಫೈಯನ್ನು ಎರಡು ಪಾಲು ಮಾಡಿ, ಮನೆಯವರಿಗೊಂದು, ಬಂದುಹೋಗುವವರಿಗೆ ‘ಗೆಸ್ಟ್’ ಎಂದು ಇನ್ನೊಂದು ಇಟ್ಟರು. ಒಂಬತ್ತು ವರ್ಷದಿಂದ ಜೊತೆಯಲ್ಲೇ ಇದ್ದ ಅತ್ತೆ ಗೆಸ್ಟ್ ಪಾಲಿಗೆ ಬಿದ್ದರು. ಅತ್ತೆ ಕಂಡಕಂಡ ಲಿಂಕನ್ನೆಲ್ಲ ಒತ್ತುವವರು. ಅವರ ಫೋನಿಗೆ ವೈರಸ್ ತಗುಲಿದರೆ ಅಲ್ಲೇ ನಿಲ್ಲಲಿ ಎಂಬುದು ಅಳಿಯನ ಲೆಕ್ಕಾಚಾರ.

“ಬೆಳಗಾದ್ರೆ ಇವರಿಗೆ ನೀರು ಕಾಯಿಸೋಳು ನಾನು. ನಾನು ಗೆಸ್ಟಾ?” ಎಂದರು ಅತ್ತೆ.

“ಅಮ್ಮಾ, ಅದು ಕಂಪ್ಯೂಟರ್ ಭಾಷೆ,” ಎಂದು ಮಗಳು ಸಮಾಧಾನ ಮಾಡಿದಳು.

“ಭಾಷೆ ಯಾವುದಾದ್ರೇನೇ, ಬೈಗುಳ ಬೈಗುಳವೇ.”

ಸಾಹೇಬರಿಗೆ ಅತಿ ಪ್ರಿಯವಾದ ಪದ ‘ಫೇಲ್‌ಓವರ್’. ಒಂದು ಯಂತ್ರ ಬಿದ್ದರೆ ಜೋಡಿ ಯಂತ್ರ ತಕ್ಷಣ ಹೊರೆ ಎತ್ತಿಕೊಳ್ಳಬೇಕು ಎಂದು ಮೀಟಿಂಗಿನಲ್ಲಿ ಗಂಟೆಗಟ್ಟಲೆ ಕೊರೆಯುತ್ತಿದ್ದರು. ಸರ್ವರಿಗೆ ಜೋಡಿಯಿತ್ತು, ಕೇಬಲ್ಲಿಗೆ ಜೋಡಿಯಿತ್ತು. ಜಾಲದ ಮುಖ್ಯ ಪಾಸ್‌ವರ್ಡ್ ಮಾತ್ರ ಅವರೊಬ್ಬರ ತಲೆಯಲ್ಲಿತ್ತು.

“ಸಾಹೇಬ್ರೇ, ನಾಳೆ ನಿಮಗೇ ಏನಾದ್ರೂ ಆದ್ರೆ?” ಎಂದು ಮ್ಯಾನೇಜರು ಒಮ್ಮೆ ಕೇಳಿದರು.

“ನನಗೇನಾಗತ್ತೆ?” ಎಂದರು ಸಾಹೇಬರು. ತಾವು ರಜೆ ಹಾಕಿದರೆ ಬಸ್ಸುಗಳು ಡಿಪೋ ಬಿಟ್ಟು ಹೊರಡುವುದಿಲ್ಲ ಎಂಬ ನಂಬಿಕೆಯೇ ಅವರಿಗೆ ಊಟ, ನಿದ್ದೆ ಎರಡೂ ಆಗಿತ್ತು.

ಆದದ್ದು ಅಪೆಂಡಿಕ್ಸ್. ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದವರನ್ನು ಬೆಳಿಗ್ಗೆ ಆಪರೇಷನ್ ಥಿಯೇಟರಿಗೆ ಒಯ್ದರು. ಅದೇ ಹೊತ್ತಿಗೆ ಕಚೇರಿಯಲ್ಲಿ ಜಾಲ, ಜೋಡಿ ಯಂತ್ರಗಳ ಸಮೇತ, ಕೈಕೊಟ್ಟಿತು. ಟಿಕೆಟಿನ ಸಾಲು ಬಾಗಿಲು ದಾಟಿ ಬೀದಿಗಿಳಿಯಿತು. ಸರಿಪಡಿಸೋಣವೆಂದರೆ ಮುಖ್ಯ ಪಾಸ್‌ವರ್ಡ್ ಬೇಕು. ಅದು ಅರಿವಳಿಕೆ ತೆಗೆದುಕೊಂಡು ಮಲಗಿತ್ತು.

ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ವಾರ್ಡಿಗೆ ಓಡಿ ಬಂದಾಗ ಸಾಹೇಬರು ಅರೆಗಣ್ಣು ಬಿಟ್ಟಿದ್ದರು. ಮಂಚದ ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಗಂಜಿಯ ಡಬ್ಬಿ ಹಿಡಿದ ಅತ್ತೆ.

“ಸಾಹೇಬ್ರೇ, ಪಾಸ್‌ವರ್ಡ್!”

“ಎಲ್ಲಾ ಸಣ್ಣಕ್ಷರ,” ಎಂದು ಸಾಹೇಬರು ಮಗುವಿನಂತೆ ನಕ್ಕರು. “ಅತ್ತೆಬೇಡ.”

“ಏನಂದ್ರಿ?”

“ಅತ್ತೆ. ಬೇಡ. ಮಧ್ಯ ಜಾಗ ಬಿಡಬೇಡಿ.”

ಮ್ಯಾನೇಜರು ತಲೆ ಎತ್ತದೆ ಅದನ್ನು ಕಚೇರಿಗೆ ಫೋನಿನಲ್ಲಿ ಹೇಳಿದರು. ಕೇಳಿಸಲಿಲ್ಲವೆಂದು ಆ ಕಡೆಯವರು ಎರಡು ಸಲ ಜೋರಾಗಿ ಹೇಳಿಸಿದರು. ಅಂಕಿಯಿಲ್ಲ, ಚಿಹ್ನೆಯಿಲ್ಲ, ಅತ್ತೆ ಗಂಟು ಮೂಟೆಯೊಂದಿಗೆ ಬಂದಿಳಿದ ದಿನ ಇಟ್ಟದ್ದು, ಇವತ್ತಿನವರೆಗೆ ಬದಲಾಗಿಲ್ಲ ಎಂಬುದನ್ನೂ ಸಾಹೇಬರು ಆ ಮಂಪರಿನಲ್ಲೇ ಹೇಳಿಬಿಟ್ಟರು.

“ಒಂಬತ್ತು ವರ್ಷ ದಿನಾ ಬೆಳಿಗ್ಗೆ ನನ್ನ ನೆನೆಸ್ಕೊಂಡೇ ಕೆಲಸ ಶುರು ಮಾಡಿದ್ದಾರಲ್ಲ,” ಎಂದರು ಅತ್ತೆ. “ನನ್ನ ಮಗಳನ್ನೂ ಇಷ್ಟು ನೆನೆಸ್ಕೊಂಡಿರಲ್ಲ.” ಗಂಜಿಯನ್ನು ಮಾತ್ರ ಕೊಟ್ಟೇ ಹೋದರು.

ಎಚ್ಚರ ತಿಳಿದ ಮೇಲೆ ಸಾಹೇಬರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಬಂದ ಕೂಡಲೇ ಯಾರೂ ಹೇಳದೆ ಅತ್ತೆಯ ಫೋನನ್ನು ಮನೆಯವರ ಪಾಲಿಗೆ ಸೇರಿಸಿದರು. ಅತ್ತೆ ಒಂದು ವಾರ ಮಾತು ಬಿಟ್ಟು, ಆಮೇಲೆ ಬೇರೆ ಯಾವುದಕ್ಕೋ ಬೈಯುವ ನೆಪದಲ್ಲಿ ಮತ್ತೆ ಶುರು ಮಾಡಿದರು.

ಹೆಚ್ಚಿನ ಪೆಟ್ಟು ಕಚೇರಿಯಲ್ಲಿ ಕಾದಿತ್ತು. ಮ್ಯಾನೇಜರು ಬೇರೆ ಶಾಖೆಯಿಂದ ಒಬ್ಬ ಹಿರಿಯ ಇಂಜಿನಿಯರಮ್ಮನನ್ನು ಕರೆಸಿ, ಹೊಸ ಪಾಸ್‌ವರ್ಡ್ ಇಡಿಸಿ, ಅದು ಇಬ್ಬರ ಬಳಿ ಇರುವಂತೆ ಮಾಡಿದ್ದರು.

“ನಾನಿಲ್ಲದಾಗ ಮತ್ತೆ ಎಷ್ಟು ಸಲ ನಿಂತಿತ್ತು?” ಎಂದು ಸಾಹೇಬರು ಆಸೆಯಿಂದ ಕೇಳಿದರು.

“ಒಂದ್ಸಲನೂ ಇಲ್ಲ ಸಾಹೇಬ್ರೇ.”

ಹೊಲಿಗೆ ಹಾಕಿದ ಜಾಗಕ್ಕಿಂತ ಮೇಲೆ, ಎದೆಯ ಹತ್ತಿರ, ಏನೋ ಚುಳುಕ್ ಎಂದಿತು.

ಮುಂದಿನ ತಿಂಗಳು ಹೆಂಡತಿಯ ಬಲವಂತಕ್ಕೆ ರಜೆ ಹಾಕಿ ಸಂಸಾರ ಸಮೇತ ಸಮುದ್ರ ನೋಡಲು ಹೋದರು. ಮರಳಲ್ಲಿ ಕೂತು ಕಚೇರಿಗೆ ಫೋನ್ ಮಾಡಿದರು. ಎಲ್ಲ ಸರಿಯಿದೆ ಎಂದಳು ಕೌಂಟರಿನ ಅಕ್ಕ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದರು. ಆಗಲೂ ಸರಿಯಿತ್ತು. ಮೂರನೆಯ ಸಲ ಅವರು ಬಾಯಿ ತೆರೆಯುವ ಮೊದಲೇ ಅಕ್ಕ, “ಸರ್, ಇಲ್ಲಿ ಜನ ನಿಂತಿದ್ದಾರೆ,” ಎಂದು ಫೋನ್ ಇಟ್ಟುಬಿಟ್ಟಳು.