ತಂಬುಳಿಗೆ ಯಜಮಾನರ ಅನುಮತಿ

"ನನ್ನ ತಂಬುಳಿ ಸರಿ ಮಾಡ್ಲಿಕ್ಕೆ ಇವರ ಅನುಮತಿ ಎಂತಕ್ಕೆ ಮಾರಾಯ್ರೆ?"

ಕಳೆದ ಮಂಗಳವಾರ ಬೆಳಿಗ್ಗೆ ಸವಣೂರಿನ ಸರೋಜಕ್ಕ ಫೋನ್ ಮಾಡಿ, ಹಲೋ ಕೂಡ ಹೇಳದೆ ಕೇಳಿದ ಪ್ರಶ್ನೆ ಇದು. 'ಇವರು' ಎಂದರೆ ಅವರ ಗಂಡ ಸುಬ್ರಾಯಣ್ಣ. ನನಗೆ ತಲೆಬುಡ ಅರ್ಥವಾಗಲಿಲ್ಲ.

ವಿಷಯ ಇಷ್ಟು. ನಮ್ಮ ಕರಾವಳಿ ಕಡೆಯ ಪದಗಳನ್ನೆಲ್ಲ ಸೇರಿಸಿ ನಾವು ಕೆಲವರು ಆನ್‌ಲೈನ್ ನಿಘಂಟು ಮಾಡುತ್ತಿದ್ದೇವೆ. ಓಪನ್ ಸೋರ್ಸ್. ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ಬಳಸಬಹುದು. ಕೋಡ್ ಬರೆಯುವುದು ಆಲಂಕಾರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ವಿದ್ಯಾ. ಪರದೆಯ ಮೇಲಿನ ಇಂಗ್ಲಿಷ್ ಸೂಚನೆಗಳನ್ನು ಕನ್ನಡಕ್ಕೆ ತಂದ ಮಹಾನುಭಾವ ನಾನು. ಅಡುಗೆಯ ಪದಗಳನ್ನು ಹೇಳಿಕೊಟ್ಟವರು ಸರೋಜಕ್ಕ.

ಅವರು 'ತಂಬುಳಿ'ಗೆ ಕೊಟ್ಟ ಅರ್ಥವನ್ನು ಯಾರೋ ತಿದ್ದಿದ್ದರು. 'ಮಜ್ಜಿಗೆ ಹಾಕಿ ಚೆನ್ನಾಗಿ ಕುದಿಸಿದ ಸೂಪ್' ಎಂದು! (ಅನ್ನಕ್ಕೆ ಕಲಸಿಕೊಳ್ಳುವ ತಣ್ಣನೆಯ ತಂಬುಳಿಯನ್ನು ಕುದಿಸುವುದೇ? ಮಜ್ಜಿಗೆ ಒಡೆಯುವುದಿಲ್ಲವೇ?) ಕೆಳಗೆ ಮಾತ್ರ 'ತಿಳಿಸಿದವರು: ಸರೋಜ, ಸವಣೂರು' ಎಂದು ಹಾಗೇ ಉಳಿದಿತ್ತು. ಅವರ ನಾದಿನಿ ಅದನ್ನು ಓದಿ, ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿ ನಕ್ಕಿದ್ದಳಂತೆ. ಹೇಗಿದ್ದೀತು ಹೇಳಿ?

ಸರೋಜಕ್ಕ ತಿದ್ದಲು ಹೊರಟರು. ಫೋನ್ ಹೇಳಿತು: 'ಇದನ್ನು ತಿದ್ದಲು ಯಜಮಾನರ ಅನುಮತಿ ಬೇಕು.'

ಪೇಪರ್ ಓದುತ್ತಿದ್ದ ಸುಬ್ರಾಯಣ್ಣನನ್ನು ಕೇಳಿದರು. "ಎಂತ ಬೇಕಾದ್ರೂ ಮಾಡು" ಎಂದರು. ಮತ್ತೆ ಒತ್ತಿದರೆ ಮತ್ತೆ ಅದೇ. ಕೊನೆಗೆ ಅವರೇ ಎದ್ದು ಬಂದು ಫೋನಿನ ಹತ್ತಿರ ಬಾಯಿ ತಂದು, "ಅನುಮತಿ ಉಂಟು" ಎಂದು ಗಟ್ಟಿಯಾಗಿ ಹೇಳಿದರಂತೆ. ಫೋನ್ ಜಪ್ಪಯ್ಯ ಅನ್ನಲಿಲ್ಲ.

ಓನರ್ ಎಂಬುದಕ್ಕೆ 'ಯಜಮಾನರು' ಎಂದು ಬರೆದವನು ನಾನೇ. ನಮ್ಮ ಕಡೆ ಹೆಂಗಸರು ಯಜಮಾನರು ಎಂದರೆ ಯಾರೆಂದು ಬರೆಯುವಾಗ ಹೊಳೆಯಲೇ ಇಲ್ಲ. (ಹೆಂಡತಿ ಈಗಲೂ ನಗುತ್ತಿದ್ದಾಳೆ.)

"ಇವತ್ತೇ ಸರಿ ಆಗ್ಬೇಕು. ಇಲ್ಲದಿದ್ರೆ ನನ್ನ ಹೆಸರು ತೆಗೀರಿ. ಇನ್ನು ಒಂದೇ ಒಂದು ಪದ ಕೊಡುದಿಲ್ಲ" ಎಂದರು ಸರೋಜಕ್ಕ. ನನಗೆ ಹೆದರಿಕೆಯೇ ಆಯಿತು. ಅವರಿಲ್ಲದೆ ನಮ್ಮ ನಿಘಂಟಿನಲ್ಲಿ ಅಡುಗೆಮನೆಯೇ ಇಲ್ಲ.

ನಾನೇ ತಿದ್ದಿಬಿಡೋಣ ಎಂದು ಹೋದೆ. ನನಗೂ ಯಜಮಾನರ ಅನುಮತಿ ಬೇಕಂತೆ! ವಿದ್ಯಾಳಿಗೆ ಫೋನ್ ಮಾಡಿದೆ.

"ಅಣ್ಣ, ನೀವು ಎರಡು ಗುಂಪಲ್ಲಿ ಇದ್ದೀರಿ. ಪರಿಶೀಲಕರಿಗೆ ತಿದ್ಲಿಕ್ಕೆ ಆಗ್ತದೆ. ಅನುವಾದಕರಿಗೆ ಆಗುದಿಲ್ಲ. ಒಂದು ಗುಂಪಲ್ಲಿ ಆಗುದಿಲ್ಲ ಅಂತ ಇದ್ರೆ, ಇನ್ನೊಂದರಲ್ಲಿ ಆಗ್ತದೆ ಅಂತ ಇದ್ರೂ ಆಗುದಿಲ್ಲ."

ಹೆಚ್ಚು ಕೆಲಸ ಒಪ್ಪಿಕೊಂಡದ್ದಕ್ಕೆ ಇದ್ದ ಹಕ್ಕೂ ಹೋಯಿತೇ? ಮೂರು ಸಲ ಕೇಳಿಸಿಕೊಂಡೆ, ಮೂರು ಸಲವೂ ಅರ್ಥವಾಗಲಿಲ್ಲ.

"ಹಾಗಾದ್ರೆ ಸೂಪ್ ಮಾಡಿದವರು ಯಾರು?"

"ಅವರೇ ಅಡುಗೆ ಪದಗಳ ಯಜಮಾನರು. ನಮ್ಮ ಕಡೆಯವರಲ್ಲ. ಶುರುವಿಗೇ ಸೇರಿದ್ರು, ಹಾಗೆ ಅಧಿಕಾರ ಕೊಟ್ಟದ್ದು."

"ಮತ್ತೆ ಸರೋಜಕ್ಕ?"

"ಅವರು ಅತಿಥಿ."

ಅಡುಗೆ ಮಾಡಿ ಬಡಿಸಿದವರೇ ಅತಿಥಿ! ಇದು ಎಲ್ಲರಿಗೂ ತೆರೆದ ಬಾಗಿಲು ಎಂದು ಕಂಡಕಂಡವರ ಹತ್ತಿರ ಕೊಚ್ಚಿಕೊಂಡವನು ನಾನು. ಆದರೆ ಎಲ್ಲರಿಗೂ ತಿದ್ದಲು ಬಿಟ್ಟರೆ ತಂಬುಳಿ ದಿನಕ್ಕೊಂದು ಬಗೆಯ ಸೂಪ್ ಆದೀತು. ಬೀಗ ಹಾಕಿದರೆ ತಂಬುಳಿ ಗೊತ್ತಿರುವವರೇ ಹೊರಗೆ ನಿಲ್ಲುತ್ತಾರೆ. ಹಾಗಾದರೆ ಕೀಲಿಕೈ ಯಾರ ಕೈಗೆ ಕೊಡಬೇಕು? ಮೊದಲು ಬಂದವರಿಗೋ, ಬಲ್ಲವರಿಗೋ? ಬಲ್ಲವರು ಯಾರೆಂದು ನಿರ್ಧರಿಸುವವರು ಯಾರು? ನಿಜ ಹೇಳುತ್ತೇನೆ, ನನಗೆ ಗೊತ್ತಿಲ್ಲ. ವಿದ್ಯಾಳಿಗೂ ಗೊತ್ತಿಲ್ಲವಂತೆ.

ಕೊನೆಗೆ ಅವಳು ಸರೋಜಕ್ಕನನ್ನು ಅಡುಗೆ ಪದಗಳ ಯಜಮಾನರ ಗುಂಪಿಗೆ ಸೇರಿಸಿದಳು. ಐದೇ ನಿಮಿಷದಲ್ಲಿ ಸರೋಜಕ್ಕ ತಾವೇ ತಿದ್ದಿದರು. ಸೂಪ್ ಹೋಯಿತು, ತಂಬುಳಿ ಮತ್ತೆ ತಣ್ಣಗಾಯಿತು.

ನನಗೋ ನಾಚಿಕೆ. ಸಂಜೆ ನಾನೇ ಫೋನ್ ಮಾಡಿ, "ತಪ್ಪು ನನ್ನದೇ ಸರೋಜಕ್ಕ. ಆ 'ಯಜಮಾನರು' ಪದ ತೆಗೆದು 'ಮಾಲಕರು' ಅಂತ ಹಾಕ್ತೇನೆ" ಎಂದೆ.

ಸರೋಜಕ್ಕ ಕೇಳಿದರು:

"ಇಷ್ಟು ದಿವಸ ಸರಿ ಇದ್ದ ಪದ, ನಾನು ಯಜಮಾನರು ಆದ ಕೂಡ್ಲೇ ತಪ್ಪಾಯ್ತಾ ಮಾರಾಯ್ರೆ?"