ಜಗಲಿಯ ಮೇಲಿನ ಬಂಗಾರದ ಗುಂಡು

ನಸುಕಿನ ನಾಲ್ಕು ಗಂಟೆ. ಮೊರದ ಸದ್ದಿಗೆ ಎಚ್ಚರವಾಯಿತು ಗೆಳೆಯರೇ. ಮಗು ಮಲಗಿ ಅರ್ಧ ತಾಸೂ ಆಗಿರಲಿಲ್ಲ. ಅತ್ತೆ ಬಿತ್ತನೆಯ ಭತ್ತ ಕೇರುತ್ತಿದ್ದರು. ಪಕ್ಕದಲ್ಲಿ, ಸುಗ್ಗಿಯಿಂದ ದೇವರ ಜಗಲಿಯ ಮೇಲೆ ಪೂಜೆಗಿಟ್ಟಿದ್ದ ಗುಂಡುಗಟ್ಟಿದ ತೆನೆ.

"ಲಕ್ಷ್ಮಿ ಬಂದಾಳವ್ವಾ, ಕಾಳೇ ಬಂಗಾರದ ಗುಂಡಾಗ್ಯಾದ. ಬೀಜದಾಗ ಕೂಡಸ್ತೀನಿ."

"ಅತ್ತಿ, ಅದು ಬೂಷ್ಟು ಹಿಡಿದದ ರೀ. ರೋಗ."

"ಬಿಎಸ್ಸಿ ಓದೀದಿ ಅಂತ ಲಕ್ಷ್ಮಿಗಿ ರೋಗ ಅಂತೀ ಏನು?"

ಒಂದು ಗುಂಡು ಒಡೆದೆ. ಹೊರಗೆ ಕಪ್ಪು-ಹಸಿರು ಪುಡಿ, ಒಳಗೆ ಇನ್ನೂ ಅರಿಶಿನದ ಹೊಳಪು. ಅನ್ನವಾಗಬೇಕಿದ್ದ ಕಾಳನ್ನು ನುಂಗಿ ಇಷ್ಟು ಚೆಂದ ಕೂತಿದೆಯಲ್ಲ!

ಬೆಳಗಾದರೆ ಬೀಜ ನೆನೆಹಾಕುತ್ತಾರೆ. ಸೇಡಂ, ಚಿಂಚೋಳಿ ಕಡೆಯ ಕೃಷಿ ಬಲ್ಲವರು ಅಷ್ಟರೊಳಗೆ ದಯವಿಟ್ಟು ಫೋನ್ ಮಾಡಿ. ಎತ್ತುವವರು ಅತ್ತೆಯೇ. ರೋಗ ಎನ್ನಬೇಡಿ, ಲಕ್ಷ್ಮಿಯನ್ನು ಗದ್ದೆಯ ಕೆಸರಿಗೆ ಇಳಿಸಬಾರದು ಎನ್ನಿ.