ತಾಯಿ ಎತ್ತಿದ ಮರಿ

ನಮ್ಮ ಮನೆಯಲ್ಲಿ ನಾಯಿಗೆ ರೊಟ್ಟಿ ಬಡಿಯುವವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾಯಿ ಸಾಕುವವರೆಂದು ಹೆಸರು ಮಾಡಿದವರು ನನ್ನ ಮಾವ. ಬಾದಾಮಿಯಿಂದ ಶಿವಯೋಗ ಮಂದಿರಕ್ಕೆ ಹೋಗುವ ದಾರಿಯ ಬದಿಗಿರುವ ನಮ್ಮ ಹಳ್ಳಿಯಲ್ಲಿ ಬೇಟೆ ನಾಯಿ ಮನೆ ಯಾವುದೆಂದರೆ ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ಬೇಟೆ ನಿಂತು ಎಷ್ಟೋ ಕಾಲವಾಯಿತು. ಕಾನೂನು ಬಂತು, ಮೊಲಗಳು ನಿಶ್ಚಿಂತವಾದವು. ಈಗ ನಮ್ಮ ಮುಧೋಳ ನಾಯಿಗಳ ಕೆಲಸ ಕುರಿ ಕಾಯುವುದು, ಮಾವನ ಹಿಂದೆ ಗತ್ತಿನಿಂದ ಅಡ್ಡಾಡುವುದು, ನನ್ನ ರೊಟ್ಟಿ ಬುಟ್ಟಿ ಖಾಲಿ ಮಾಡುವುದು.

ಹೋದ ಚಳಿಗಾಲದಲ್ಲಿ ನಮ್ಮ ಹೆಣ್ಣು ನಾಯಿ ನಾಲ್ಕು ಮರಿ ಹಾಕಿತು. ಮಾವ ಓಣಿಗೆಲ್ಲ ಸಕ್ಕರೆ ಹಂಚಿದರು. ನಾನು ಹಡೆದಾಗಲೂ ಅಷ್ಟು ಸಕ್ಕರೆ ಹಂಚಿರಲಿಲ್ಲ! ನನಗೆ ಸಿಟ್ಟು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಣಿಗೆ ಕೇಳುವಂತೆ ಹೇಳಿದೆ: "ಮಾವಾರ, ಒಂದ ಮರಿ ಇಟ್ಕೊಳ್ರಿ. ಎರಡನೇದು ಉಳೀತಂದ್ರ ರೊಟ್ಟಿ ಹಂಚು ನಿಮ್ಮ ಕೈಗೆ ಕೊಟ್ಟು ಹುನಗುಂದಕ್ಕ, ನಮ್ಮ ತವರಮನಿಗೆ ಹೋಗ್ತೇನಿ."

ಮಾವ ಹೂಂ ಅಂದರು. ಆದರೆ ಯಾವ ಮರಿ? ಮಾವನ ಕಣ್ಣು ಉದ್ದ ಕಾಲಿನ ಬಿಳಿ ಮರಿಯ ಮೇಲೆ. ನನ್ನ ಗಂಡನಿಗೆ ಎದೆ ಅಗಲವಿದ್ದ ಕಂದು ಮರಿಯೇ ಬೇಕು. ಅತ್ತೆಗೆ ಮಾತ್ರ ಮನೆದೇವರು ಬೀರಪ್ಪ ಕನಸಿನಲ್ಲಿ ಬಂದು ಕರಿಯದನ್ನು ಇಟ್ಟುಕೋ ಎಂದನಂತೆ. ಬೀರಪ್ಪ ಅತ್ತೆಯ ಕನಸಿನಲ್ಲಿ ಯಾವಾಗಲೂ ಅತ್ತೆಗೆ ಬೇಕಾದದ್ದನ್ನೇ ಹೇಳುತ್ತಾನೆ.

ನಾಲ್ಕನೆಯದು ಬೂದಿ ಬಣ್ಣದ್ದು. ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಂಗೈ ತುಂಬುವಷ್ಟು ಜೀವ. ಉಳಿದ ಮೂರೂ ಅದನ್ನು ತುಳಿದು ಹಾಲು ಕುಡಿಯುತ್ತಿದ್ದವು. ನಾನು ಅದನ್ನು ಒಳಗೆ ತಂದು, ನನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಒಲೆಯ ಬದಿಗೆ ಬುಟ್ಟಿಯಲ್ಲಿ ಇಟ್ಟೆ. ಹತ್ತಿಯ ಬತ್ತಿ ಅದ್ದಿ ಆಡಿನ ಹಾಲು ಹನಿಸಿದೆ. ಯಾರಾದರೂ ಕೇಳಿದರೆ, "ಅಂಗಳದಾಗ ಸತ್ತರ ಬಳಿಯೋಳು ನಾನ ಅಲ್ಲೇನ್ರಿ?" ಎನ್ನುತ್ತಿದ್ದೆ. ಅದು ಮಾತ್ರ ನಾನು ರೊಟ್ಟಿ ಬಡಿಯುವಾಗ ತೆವಳಿ ಬಂದು ನನ್ನ ಪಾದದ ಮೇಲೆ ಮಲಗುತ್ತಿತ್ತು. ನಾನು ಕಾಲು ಜೋಮು ಹಿಡಿದರೂ ಅಲ್ಲಾಡುತ್ತಿರಲಿಲ್ಲ.

ಆ ಮರಿಯನ್ನು ಕಲಾದಗಿಯಲ್ಲಿರುವ ನಾದಿನಿಯ ಗಂಡ ಕೇಳಿಬಿಟ್ಟಿದ್ದರು. ಅವರ ಚಿಕ್ಕು ತೋಟಕ್ಕೆ ಮಂಗಗಳ ಕಾಟ, ಒಂದು ನಾಯಿ ಕಟ್ಟಬೇಕಂತೆ. ಅಯ್ಯೋ, ಆ ಮರಿಯನ್ನು ಕಂಡರೆ ಮಂಗವೇ ಎತ್ತಿಕೊಂಡು ಮುದ್ದು ಮಾಡಬೇಕು! ನನಗೆ ಅದು ಬೇಕಿತ್ತು. ಭಾಳ ಬೇಕಿತ್ತು. ಆದರೆ ಓಣಿಗೆಲ್ಲ ಕೇಳುವಂತೆ ಕೂಗಾಡಿದವಳು ಈಗ ಯಾವ ಬಾಯಿಂದ ಕೇಳಲಿ?

ಉಳಿದಿದ್ದ ಒಂದೇ ಆಸೆ ನಮ್ಮವರ ಪದ್ಧತಿ. ಮರಿಗಳು ಕಣ್ಣು ಬಿಟ್ಟ ಮೇಲೆ ಅವನ್ನೆಲ್ಲ ಅಂಗಳದಲ್ಲಿ ಕಂಬಳಿಯ ಮೇಲೆ ಇಟ್ಟು ತಾಯಿಯನ್ನು ಬಿಡುತ್ತಾರೆ. ತಾಯಿ ಮೊದಲು ಬಾಯಲ್ಲಿ ಎತ್ತಿಕೊಂಡು ಕೊಟ್ಟಿಗೆಗೆ ಒಯ್ದದ್ದು ಮನೆಯ ಮರಿ. ಅದರ ಮೇಲೆ ಯಾರೂ ಚಕಾರ ಎತ್ತುವಂತಿಲ್ಲ. ಉಳಿದವು ಹಾಲು ಬಿಟ್ಟ ಮೇಲೆ ಕೇಳಿದವರ ಮನೆಗೆ.

ಆ ದಿನ ಬೆಳಗ್ಗೆ ಅಡುಗೆಮನೆಗೆ ಹೋದರೆ ತುಪ್ಪದ ಡಬ್ಬಿಯಲ್ಲಿ ಬೆರಳು ಆಡಿಸಿದ ಗುರುತು. ರಾತ್ರಿಯ ಮಟನ್ ಸಾರಿನ ಮುಚ್ಚಳ ಓರೆ. ಜಗುಲಿಯ ಮೇಲೆ ಬೀರಪ್ಪನ ಭಂಡಾರದ ಚೀಲ ಬಿಚ್ಚಿ, ಅರಿಸಿನವೆಲ್ಲ ಚೆಲ್ಲಿತ್ತು. ಅಂಗಳಕ್ಕೆ ಬಂದು ನೋಡಿದರೆ ಬಿಳಿ ಮರಿ ಮಿರಿಮಿರಿ ಮಿಂಚುತ್ತಿದೆ, ಕಂದು ಮರಿಯಿಂದ ಮಸಾಲೆ ವಾಸನೆ, ಕರಿ ಮರಿಯ ಹಣೆ ಹಳದಿ. ಮಾವ, ಗಂಡ, ಅತ್ತೆ ಮೂವರೂ ಮುಗಿಲು ನೋಡುತ್ತ ನಿಂತಿದ್ದರು. ಎಲಾ ಕಳ್ಳರಾ! ಈ ಮನೆಯಲ್ಲಿ ಪ್ರಾಮಾಣಿಕಳೆಂದರೆ ನಾನೊಬ್ಬಳೇ ಅಂದುಕೊಂಡು, ನನ್ನ ಬೂದಿ ಮರಿಯನ್ನು ಬುಟ್ಟಿಯಿಂದ ತಂದು ಹಾಗೇ ಇಟ್ಟೆ.

ಕಲಾದಗಿಯವರು ಮುಂಜಾನೆಯೇ ಬೈಕಿನಲ್ಲಿ ಪ್ಲಾಸ್ಟಿಕ್ ಬುಟ್ಟಿ ಕಟ್ಟಿಕೊಂಡು ಬಂದಿದ್ದರು. "ಬೂದೀದು ಹೆಂಗೂ ಆಡಿನ ಹಾಲು ಕುಡೀತೈತಿ. ಇವತ್ತ ಒಯ್ತೇನ್ರಿ" ಎಂದರು.

ಮಾವ ತಾಯಿಯನ್ನು ಬಿಟ್ಟರು. ಅದು ಓಡಿಬಂದು ಬಿಳಿ ಮರಿಯ ತುಪ್ಪವನ್ನು ಸಾವಕಾಶ ನೆಕ್ಕಿತು. ಕಂದು ಮರಿಯ ಸಾರು ನೆಕ್ಕಿತು. ಕರಿ ಮರಿಯನ್ನು ಮೂಸಿ ಫಕ್ಕನೆ ಸೀನಿತು. ಅತ್ತೆ, "ಬೀರಪ್ಪಾ, ಸೀನಿಸಬ್ಯಾಡೋ" ಎಂದು ಕೈ ಮುಗಿದರು. ಆಮೇಲೆ ನನ್ನ ಮರಿಯ ಹತ್ತಿರ ಬಂತು. ಮೂಸಿತು. ಮತ್ತೆ ಮೂಸಿತು. ತಲೆ ಎತ್ತಿ ನನ್ನ ಮುಖ ನೋಡಿತು. ತಿರುಗಿ ಹೋಗಿ, ಬಿಳಿ ಮರಿಯನ್ನು ಕಚ್ಚಿಕೊಂಡು ಕೊಟ್ಟಿಗೆಗೆ ನಡೆಯಿತು.

ಮಾವ ರುಮಾಲು ಮೇಲಕ್ಕೆ ಹಾರಿಸಿದರು. ನಾಯಿ ಮತ್ತೆ ಬಂದು ಕಂದು ಮರಿಯನ್ನು ಒಯ್ದಿತು. ಇನ್ನೊಮ್ಮೆ ಸೀನಿ ಕರಿಯದನ್ನೂ ಒಯ್ದಿತು. ಆಮೇಲೆ ಬರಲೇ ಇಲ್ಲ. ಕೊಟ್ಟಿಗೆಯಲ್ಲಿ ಮೂರಕ್ಕೂ ಹಾಲು ಕೊಡುತ್ತ ಮಲಗಿಬಿಟ್ಟಿತು. ಅಷ್ಟು ದೊಡ್ಡ ಕಂಬಳಿಯ ಮೇಲೆ ಬೂದಿ ಮರಿ ಒಂದೇ ಕುಂಯ್‌ಗುಡುತ್ತಿತ್ತು.

"ತಾಯೀನ ಬ್ಯಾಡಂದ್ಲು, ಪಾಪ" ಎನ್ನುತ್ತ ಕಲಾದಗಿಯವರು ಬುಟ್ಟಿ ಹಿಡಿದು ಬಗ್ಗಿದರು.

ನಾನು ಅಲ್ಲಿಗೆ ಹೇಗೆ ಹೋದೆನೋ ಗೊತ್ತಿಲ್ಲ. "ಮುಟ್ರಿ ನೋಡೋಣು, ಅಣ್ಣಾರ!" ಅಂದೆ. ಅವರು ಕೈಯನ್ನು ಎಷ್ಟು ಬೇಗ ಹಿಂದಕ್ಕೆ ಎಳೆದುಕೊಂಡರೆಂದರೆ ನಾನು ಹಲ್ಲು ತೋರಿಸಿರಲೇಬೇಕು. ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡೆ.

"ಅಲ್ಲ, ನೀ ನಾಯಿ ಬ್ಯಾಡಂತಿದ್ದೆಲ್ಲ?" ಎಂದ ನನ್ನ ಗಂಡ.

"ನಾಯಿ ಬ್ಯಾಡಂದೇನಿ. ಇದು ನಾಯಿ ಎಲ್ಲೈತ್ರಿ?" ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು. ಎಲ್ಲರ ಮುಂದೆ, ಹಾಡಹಗಲೇ, ಒಂದು ನಾಯಿಮರಿಗಾಗಿ ಗೊಳೋ ಎಂದು ಅತ್ತುಬಿಟ್ಟೆ.

ಮಾವ ಹತ್ತಿರ ಬಂದರು. ಬಗ್ಗಿ ಮರಿಯನ್ನು ತಾಯಿ ನಾಯಿಯ ಹಾಗೆಯೇ ಮೂಸಿದರು. "ಯವ್ವಾ, ನಾವು ತುಪ್ಪ, ಸಾರು, ಭಂಡಾರ ಹಚ್ಚಿದ್ದು ಖರೆ. ಆದ್ರ ನೀ ಹಚ್ಚಿದಷ್ಟು ಯಾರೂ ಹಚ್ಚಿಲ್ಲ. ಒಲಿ ಹೊಗಿ, ಜ್ವಾಳದ ಹಿಟ್ಟು, ನಿನ್ನ ಸೀರಿ ವಾಸನಿ. ನಾಯಿ ವಾಸನಿ ಒಂಚೂರೂ ಇಲ್ಲ. ಇದರ ತಾಯಿ ಬ್ಯಾರೆ ಅದಾಳಂತ ತಿಳ್ಕೊಂಡು ಅದು ಬಿಟ್ಟು ಹೋತು."

ಆಮೇಲೆ ಅಳಿಯನ ಕಡೆ ತಿರುಗಿದರು. "ಬುಟ್ಟಿ ತಿರಗಿ ಕಟ್ಟಪಾ. ಪದ್ಧತಿ ಅಂದ್ರ ಪದ್ಧತಿ. ತಾಯಿ ಎತ್ತಿದ ಮರಿ ಮನೀದು."

"ಹಂಗಾದ್ರ ಎರಡು ಉಳಿದ್ವಲ್ಲ" ಎಂದರು ಅತ್ತೆ. ತಮ್ಮ ಕರಿ ಮರಿ ಹೋಗುತ್ತದೆಂಬ ಸಂಕಟ ಅವರಿಗೆ. "ಹಂಚು ಯಾರ ಕೈಗೆ ಕೊಟ್ಟು ಹೋಗ್ತೀಯವಾ?"

ನಾನು ಕಣ್ಣೊರೆಸಿಕೊಂಡು ಒಳಗೆ ಹೋದೆ. ಮರಿಯನ್ನು ಪಾದದ ಮೇಲೆ ಮಲಗಿಸಿಕೊಂಡು, ರೊಟ್ಟಿ ಹಿಟ್ಟು ನಾದುವ ಕೊಣಮಿಗೆಗೆ ಹಿಟ್ಟು ಒಂದು ಹಿಡಿ ಹೆಚ್ಚೇ ಹಾಕಿದೆ.